ಸ್ಟೇರಿಂಗ್ ನಡುಕದ ಬೆನ್ನು ಹತ್ತಿದ ಮಾರಿಸ್ ಆಲಿ

ವೆಹಿಕಲ್ ಡೈನಾಮಿಕ್ಸ್ ಎಲೆಕ್ಟಿವ್ ತಗೊಂಡವರೆಲ್ಲ ಅಂಡರ್‌ಸ್ಟಿಯರ್, ಓವರ್‌ಸ್ಟಿಯರ್ ಅನ್ನೋ ಪದಗಳನ್ನು ಇಂಟರ್ನಲ್ಸ್‌ನಲ್ಲಿ ಒಮ್ಮೆಯಾದರೂ ಬರೆದಿರುತ್ತೀರಿ. ಆ ಪದಗಳನ್ನು ಎಂಜಿನಿಯರುಗಳ ದಿನದ ಮಾತಿಗೆ ತಂದವರಲ್ಲಿ ಮುಖ್ಯರಾದವರು ಮಾರಿಸ್ ಆಲಿ. ಪಠ್ಯಪುಸ್ತಕದಲ್ಲಿ ಅವರ ಹೆಸರು ಒಂದು ಸಾಲಿಗೆ ಮುಗಿದುಹೋಗುತ್ತೆ. ಆದರೆ ಕಾರಿನ ಸಸ್ಪೆನ್ಷನ್ ಅನ್ನೋದು ಅಂದಾಜಿನ ಕೆಲಸದಿಂದ ಲೆಕ್ಕದ ಕೆಲಸವಾಗಿ ಬದಲಾದ ಕತೆಯಲ್ಲಿ ಅವರದು ದೊಡ್ಡ ಪಾತ್ರ.

ಈ ಸಂಚಿಕೆಗೆ ಅವರ ಬದುಕನ್ನೇ ನಾವು ಆರಿಸಿಕೊಂಡಿದ್ದಕ್ಕೆ ಇನ್ನೊಂದು ಕಾರಣ ಇದೆ. ರಜೆ ಸಿಕ್ಕಿದರೆ ಸಾಕು, ಜೀಪೋ ಜಿಪ್ಸಿಯೋ ಹತ್ತಿ ಸಕಲೇಶಪುರದ ಕಡೆ, ಕೊಡಗಿನ ಕಡೆ ಹೊರಡುವ ಗುಂಪು ಯಾವ ಕ್ಯಾಂಪಸ್‌ನಲ್ಲಿ ಇಲ್ಲ ಹೇಳಿ? ಅಂಥವರಿಗೆ ಈ ಅನುಭವ ಹೊಸದಲ್ಲ. ಗಾಡಿ 70-80 ಕಿಲೋಮೀಟರ್ ವೇಗದಲ್ಲಿ ನೆಟ್ಟಗೆ ಹೋಗ್ತಾ ಇರುತ್ತೆ. ಒಂದು ಚಿಕ್ಕ ಗುಂಡಿ, ಇಲ್ಲಾ ಸೇತುವೆಯ ಜಾಯಿಂಟು. ಟಪ್ ಅಂತ ಒಂದು ಸದ್ದು. ಅಷ್ಟೇ, ಮುಂದಿನ ಚಕ್ರಗಳೆರಡೂ ಹುಚ್ಚು ಹಿಡಿದ ಹಾಗೆ ಎಡಕ್ಕೂ ಬಲಕ್ಕೂ ಕುಣಿಯೋಕೆ ಶುರು. ಸ್ಟೇರಿಂಗ್ ಕೈಗೆ ಸಿಗೋದಿಲ್ಲ. ವೇಗ ಇಳಿಸಿದ ಮೇಲೇ ಅದು ನಿಲ್ಲೋದು. ಇದಕ್ಕೆ ಈಗಿನವರು ಡೆತ್ ವಾಬಲ್ ಅಂತಾರೆ. ಹಳೆಯ ಎಂಜಿನಿಯರುಗಳು ಶಿಮ್ಮಿ ಅಂತಿದ್ದರು. ಎಷ್ಟೋ ಸಲ ಇದರ ಮೂಲ ಹುಡುಕಿಕೊಂಡು ಹೋದರೆ ಸಿಗೋದು ಮುಷ್ಟಿಯೊಳಗೆ ಹಿಡಿಯಬಹುದಾದ, ಸವೆದುಹೋದ ಒಂದು ರಬ್ಬರ್ ಬುಷ್. ಈ ನಡುಕದ ಬೆನ್ನು ಹತ್ತಿಯೇ ಆಲಿ ಕಾರಿನ ಮುಂಭಾಗವನ್ನೇ ಬದಲಾಯಿಸಿದರು.

ರಾಯ್ಸ್ ಕೈಕೆಳಗೆ

ಆಲಿ ಬ್ರಿಟನ್‌ನವರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧಕ್ಕೆ ಮುಂಚೆ ರೋಲ್ಸ್-ರಾಯ್ಸ್ ಕಂಪನಿ ಸೇರಿ, ಹೆನ್ರಿ ರಾಯ್ಸ್ ಅವರ ಜೊತೆಯಲ್ಲೇ ಕೂತು ಕೆಲಸ ಮಾಡುವ ಸಣ್ಣ ಡ್ರಾಯಿಂಗ್ ತಂಡಕ್ಕೆ ಬಂದರು. 1911ರ ಸುಮಾರಿಗೆ ರಾಯ್ಸ್ ಆರೋಗ್ಯ ಪೂರ್ತಿ ಕೆಟ್ಟು, ಅವರು ಡರ್ಬಿಯ ಕಾರ್ಖಾನೆಯಿಂದ ದೂರ, ಸಮುದ್ರತೀರದ ಮನೆಗಳಲ್ಲಿ ಇರುತ್ತಿದ್ದರು. ಡಿಸೈನ್ ಕೆಲಸ ಮಾತ್ರ ನಿಲ್ಲಲಿಲ್ಲ. ಡ್ರಾಫ್ಟ್ಸ್‌ಮನ್‌ಗಳೇ ಅವರಿದ್ದ ಕಡೆ ಹೋಗಿ ಬೋರ್ಡ್ ಹಾಕಿಕೊಂಡರು. ಒಂದು ಬೋಲ್ಟ್‌ನಿಂದ ಹಿಡಿದು ಇಡೀ ಚಾಸಿಸ್‌ವರೆಗೆ ಪ್ರತಿಯೊಂದು ಭಾಗವೂ ಯಾಕೆ ಹೀಗಿದೆ ಅಂತ ಉತ್ತರ ಕೊಡದೆ ರಾಯ್ಸ್ ಎದುರಿನಿಂದ ಎದ್ದು ಬರೋ ಹಾಗಿರಲಿಲ್ಲ. ಆಲಿಗೆ ಕಾಲೇಜು ಅಂದರೆ ಅದೇ ಅನ್ನಬಹುದು.

ಯುದ್ಧದ ಸಮಯದಲ್ಲಿ ವಿಮಾನ ಎಂಜಿನ್‌ಗಳ ಕೆಲಸದ ಮೇಲೆ ಅಮೆರಿಕಕ್ಕೆ ಹೋದವರು, ಯುದ್ಧ ಮುಗಿದ ಮೇಲೆ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರೋಲ್ಸ್-ರಾಯ್ಸ್ ತೆರೆದ ಅಮೆರಿಕನ್ ಕಾರ್ಖಾನೆಯ ಮುಖ್ಯ ಎಂಜಿನಿಯರ್ ಆದರು. 1920ರ ದಶಕದಲ್ಲಿ ಅಲ್ಲಿಂದ ಸುಮಾರು 3 ಸಾವಿರ ಕಾರುಗಳು ಹೊರಬಂದವು. ಅಲ್ಲೇ ಅವರಿಗೆ ತಲೆನೋವು ಶುರುವಾಗಿದ್ದು. ಇಂಗ್ಲೆಂಡಿನ ರಸ್ತೆಗಳಲ್ಲಿ ಹಂಸದ ಹಾಗೆ ಹೋಗುತ್ತಿದ್ದ ಕಾರು, ಹೊರದೇಶದ ರಸ್ತೆಗಳಿಗೆ ಬಂದ ಕೂಡಲೇ ಒಳಗೆ ಕೂತವರನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಒಳ್ಳೆಯ ಸ್ಪ್ರಿಂಗು, ಒಳ್ಳೆಯ ಉಕ್ಕು, ಒಳ್ಳೆಯ ಕೆಲಸಗಾರರು, ಎಲ್ಲ ಇದ್ದರೂ ಹೀಗ್ಯಾಕೆ?

ಉತ್ತರ ಹುಡುಕಲು ರೋಲ್ಸ್-ರಾಯ್ಸ್ ಜನ ಆಗ ಯಾರೂ ಅಷ್ಟಾಗಿ ಮಾಡದ ಕೆಲಸಕ್ಕೆ ಕೈ ಹಾಕಿದರು. ಇಡೀ ಕಾರನ್ನೇ ಮೇಲಿನಿಂದ ತೂಗುಹಾಕಿ ತೂಗಿದರು, ನಮ್ಮ ಮೊದಲ ವರ್ಷದ ಲ್ಯಾಬಿನ ಕಾಂಪೌಂಡ್ ಪೆಂಡುಲಮ್ ಇದೆಯಲ್ಲ, ಹಾಗೆ. ತೂಗಾಟದ ಅವಧಿಯಿಂದ ಕಾರಿನ ಜಡತ್ವ ಮಹತ್ವವನ್ನು, ಅಂದರೆ ಮೊಮೆಂಟ್ ಆಫ್ ಇನರ್ಷಿಯಾವನ್ನು ಲೆಕ್ಕ ಹಾಕಿದರು. ಸ್ಪ್ರಿಂಗನ್ನು ಬೆಂಚಿನ ಮೇಲೆ ಅಳೆಯುವುದು ಬಿಟ್ಟು, ಕಾರಿನಲ್ಲಿ ಕೂರಿಸಿದ ಮೇಲೆ ಅದರ ಬಿಗಿ ಎಷ್ಟು ಅಂತ ಅಳೆದರು. ಪ್ರಯಾಣದ ಸುಖ ಅಳೆಯೋಕೆ ಅವರಲ್ಲಿದ್ದ ಒಂದು ವಿಧಾನ ಕೇಳಿದರೆ ನಗು ಬರುತ್ತೆ: ಬಾಯಿ ತೆರೆದ ಪಾತ್ರೆಯಲ್ಲಿ ನೀರಿಟ್ಟು ಒಂದು ಮೈಲಿ ಓಡಿಸಿ, ಎಷ್ಟು ನೀರು ಉಳಿಯಿತು ಅಂತ ನೋಡೋದು!

1929ರಲ್ಲಿ ಷೇರುಪೇಟೆ ಕುಸಿಯಿತು. ಅಷ್ಟು ದುಬಾರಿ ಕಾರು ಕೊಳ್ಳುವವರು ಎಲ್ಲಿದ್ದರು? ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆ ಮುಚ್ಚುವ ಹಾದಿ ಹಿಡಿಯಿತು. 1930ರ ಕೊನೆಗೆ ಆಲಿ ಡೆಟ್ರಾಯಿಟ್‌ಗೆ ಹೋಗಿ ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್ ವಿಭಾಗ ಸೇರಿದರು.

ತೂಕದ ಕಬ್ಬಿಣ ಹೊತ್ತ ಲಿಮೋಸಿನ್

ಕ್ಯಾಡಿಲಾಕ್‌ನಲ್ಲಿ ಆಲಿ ಮಾಡಿದ ಮುಖ್ಯ ಕೆಲಸ ಒಂದು ವಿಚಿತ್ರ ಗಾಡಿ ಕಟ್ಟಿದ್ದು. ಅದು 1932. ಏಳು ಜನ ಕೂರುವ ಲಿಮೋಸಿನ್. ಅದರ ಮುಂದೆಯೂ ಹಿಂದೆಯೂ ಭಾರದ ತೂಕಗಳನ್ನು ಬೇಕಾದ ಕಡೆಗೆ ಸರಿಸಬಹುದು. ತೂಕ ತುದಿಗಳಿಗೆ ಹೋದರೆ ಜಡತ್ವ ಹೆಚ್ಚು, ನಡುವಿಗೆ ಬಂದರೆ ಕಡಿಮೆ. ಜೊತೆಗೆ ಮುಂದಿನ ಮತ್ತು ಹಿಂದಿನ ಸ್ಪ್ರಿಂಗ್ ಎಷ್ಟು ತಗ್ಗಬೇಕು ಅನ್ನುವುದನ್ನೂ ಬದಲಾಯಿಸಬಹುದು. ರೇಡಿಯಸ್ ಆಫ್ ಜೈರೇಷನ್ನಿನ ವರ್ಗ ಇಲ್ಲಿ ಮುಖ್ಯ ಅಂಕಿ. ಹಾಗಾಗಿ ಅದಕ್ಕೆ ಕೆ-ಸ್ಕ್ವೇರ್ಡ್ ರಿಗ್ ಅಂತ ಹೆಸರು ಬಂತು.

ಉಪಕರಣಗಳಿಂದ ಸುಖವನ್ನು ಅಳೆಯುವ ದಾರಿ ಅವರಿಗೆ ಕಾಣಲಿಲ್ಲ. ಹಾಗಾಗಿ ಒಂದೊಂದು ಬದಲಾವಣೆಗೂ ತಾವೇ ಹತ್ತಿ ಕೂತು ನೋಡಿದರು. ಸಿಕ್ಕ ಉತ್ತರ ಇಷ್ಟು: ಮುಂದಿನ ಸ್ಪ್ರಿಂಗ್‌ಗಳು ಹಿಂದಿನವಕ್ಕಿಂತ ಮೆತ್ತಗಿದ್ದರೆ ಕಾರು ಕುದುರೆಯ ಹಾಗೆ ಮುಂದೆ ಹಿಂದೆ ತೂಗದೆ ಚಪ್ಪಟೆಯಾಗಿ ಹೋಗುತ್ತೆ. ಕಾರಣವನ್ನೂ ಹೇಳಬಹುದು. ರಸ್ತೆಯ ಉಬ್ಬು ಮೊದಲು ಮುಂದಿನ ಚಕ್ರಕ್ಕೆ ತಾಗುತ್ತೆ, ಆಮೇಲೆ ಹಿಂದಿನದಕ್ಕೆ. ತಡವಾಗಿ ಶುರುವಾದ ಹಿಂಭಾಗದ ಏರಿಳಿತ ಸ್ವಲ್ಪ ಬೇಗ ನಡೆದರೆ, ಮುಂಭಾಗದ ಜೊತೆ ಹೆಜ್ಜೆ ಸೇರಿಸಿಕೊಳ್ಳುತ್ತೆ. ಆಗಿನ ಕಾರುಗಳಲ್ಲಿ ಇದ್ದದ್ದು ಇದಕ್ಕೆ ಪೂರ್ತಿ ಉಲ್ಟಾ: ಮುಂದೆ ಬಿಗಿ, ಹಿಂದೆ ಮೆತ್ತಗೆ.

ಹಾಗಾದರೆ ಮುಂದಿನ ಸ್ಪ್ರಿಂಗ್ ಮೆತ್ತಗೆ ಮಾಡಿದರೆ ಮುಗೀತಲ್ಲ? ಇಲ್ಲ. ಮಾಡಿದ ಕೂಡಲೇ ಮುಂದಿನ ಚಕ್ರಗಳು ಶಿಮ್ಮಿ ಕುಣಿಯತೊಡಗಿದವು.

ಚಕ್ರ ಬುಗುರಿಯ ಹಾಗೆ

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಇವತ್ತಿನ ಜೀಪಿನ ನಡುಕದ ಬೀಜವೂ ಇಲ್ಲೇ ಇದೆ.

ಆಗಿನ ಕಾರುಗಳ ಮುಂದೆ ಒಂದೇ ಗಟ್ಟಿ ಆಕ್ಸಲ್. ಎರಡು ತುದಿಗೆ ಎರಡು ಚಕ್ರ. ತಿರುಗುವ ಚಕ್ರ ಅಂದರೆ ಜೈರೋಸ್ಕೋಪ್. ಬುಗುರಿಯನ್ನು ಒಂದು ಕಡೆಗೆ ಓರೆ ಮಾಡಲು ಹೋದರೆ ಅದು ಇನ್ನೊಂದು ದಿಕ್ಕಿಗೆ ತಿರುಗಿಕೊಳ್ಳುತ್ತಲ್ಲ, ಚಕ್ರವೂ ಹಾಗೇ. ಎಡಚಕ್ರ ಉಬ್ಬು ಹತ್ತಿದಾಗ ಇಡೀ ಆಕ್ಸಲ್ ಓರೆಯಾಗುತ್ತೆ. ಆ ಓರೆಯಿಂದ ಎರಡೂ ಚಕ್ರಗಳು ಕಿಂಗ್‌ಪಿನ್ ಸುತ್ತ ತಿರುಗಲು ನೋಡುತ್ತವೆ. ಚಕ್ರ ತಿರುಗಿದರೆ ಆ ತಿರುಗುವಿಕೆ ಮತ್ತೆ ಆಕ್ಸಲನ್ನು ಓರೆ ಮಾಡಲು ನೋಡುತ್ತೆ. ಒಂದು ಇನ್ನೊಂದಕ್ಕೆ ತಳ್ಳು ಕೊಡುತ್ತಾ ಹೋಗುತ್ತೆ. ಇದರ ಸಹಜ ಆವೃತ್ತಿಗೆ ಚಕ್ರದ ಸುತ್ತು ಹೊಂದಿಕೊಂಡ ವೇಗದಲ್ಲಿ, ತೂಗುಯ್ಯಾಲೆಗೆ ಸರಿಯಾದ ಸಮಯಕ್ಕೆ ತಳ್ಳು ಸಿಕ್ಕ ಹಾಗೆ, ಆಟ ಜೋರಾಗುತ್ತೆ. ಒಂದು ಲೆಕ್ಕ ಮಾಡಿ ನೋಡಿ: ಟೈರಿನ ಸುತ್ತಳತೆ 2.2 ಮೀಟರ್ ಅಂದುಕೊಂಡರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ಹಾಕುತ್ತೆ. ಬ್ಯಾಲೆನ್ಸ್ ಇಲ್ಲದ ಟೈರು ಅಷ್ಟೂ ಸಲ ತಳ್ಳುತ್ತೆ.

ಬಿಗಿಯಾದ ಸ್ಪ್ರಿಂಗು ಈ ಓರೆಯಾಟವನ್ನು ಸ್ವಲ್ಪ ಹಿಡಿದಿಟ್ಟಿತ್ತು. ಮೆತ್ತಗಿನ ಸ್ಪ್ರಿಂಗ್ ಹಾಕಿದ ಮೇಲೆ ಹಿಡಿಯುವವರೇ ಇಲ್ಲ. ಹಾಗಾಗಿ ಆಲಿ ಮತ್ತು ಅವರ ಜೊತೆಗಾರರ ಮುಂದೆ ಎರಡು ದಾರಿ ಇದ್ದವು. ಒಂದು, ನಡುಕವನ್ನು ಏನಾದರೂ ಹಾಕಿ ಅಮುಕುವುದು. ಎರಡು, ಆಕ್ಸಲ್ ಓರೆಗೂ ಚಕ್ರದ ತಿರುವಿಗೂ ಇರುವ ಕೊಂಡಿಯನ್ನೇ ಕತ್ತರಿಸುವುದು. ಅವರು ಎರಡನೆಯದನ್ನು ಹಿಡಿದರು. ಗಟ್ಟಿ ಆಕ್ಸಲ್ ತೆಗೆದುಹಾಕಿ ಒಂದೊಂದು ಚಕ್ರಕ್ಕೂ ತನ್ನದೇ ತೋಳುಗಳು. ಮೇಲಿನ ತೋಳು ಗಿಡ್ಡ, ಕೆಳಗಿನದು ಉದ್ದ. ಹೀಗಿದ್ದರೆ ಚಕ್ರ ಹೆಚ್ಚು ಓರೆಯಾಗದೆ ಮೇಲೆ ಕೆಳಗೆ ಹೋಗುತ್ತೆ, ಬುಗುರಿಗೆ ಸಿಟ್ಟು ಬರುವ ಕಾರಣವೇ ಇರಲ್ಲ.

ಬ್ಯಾಂಕುಗಳು ಮುಚ್ಚಿದ್ದ ತಿಂಗಳು

ಐಡಿಯಾ ಇದ್ದರೆ ಸಾಲದು, ದುಡ್ಡು ಹಾಕುವವರು ಬೇಕು. 1933ರ ಮಾರ್ಚ್ ತಿಂಗಳು. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ತಳ. ಬ್ಯಾಂಕುಗಳೇ ಬಾಗಿಲು ಹಾಕಿಕೊಂಡಿದ್ದವು. ಅಂಥ ಹೊತ್ತಿನಲ್ಲಿ, ಪ್ರತಿ ಕಾರಿನ ಬೆಲೆಯನ್ನೂ ಏರಿಸುವ, ಪ್ರತಿ ಕಾರ್ಖಾನೆಗೂ ಹೊಸ ಯಂತ್ರ ಬೇಡುವ ಒಂದು ಮುಂಭಾಗವನ್ನು ಕೊಳ್ಳಿ ಅಂತ ಆಲಿ ತಂಡ ಜನರಲ್ ಮೋಟಾರ್ಸ್‌ನ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ಮತ್ತು ಅವರ ಸಂಗಡಿಗರ ಮುಂದೆ ನಿಂತಿತು. ಕಂಪನಿಯ ಕಾರುಗಳು ಮಾರಾಟವೇ ಆಗದ ದಿನಗಳವು. ಪ್ರಯೋಗ ಸೋತಿದ್ದರೆ ಎಷ್ಟು ಜನರ ಕೆಲಸ ಹೋಗುತ್ತಿತ್ತೋ.

ಅವರು ಸ್ಲೈಡು, ಗ್ರಾಫು ಅಂತ ನೆಚ್ಚಿಕೊಂಡು ಕೂರಲಿಲ್ಲ. ಎರಡು ಪ್ರಯೋಗದ ಕ್ಯಾಡಿಲಾಕ್‌ಗಳನ್ನು ಸಿದ್ಧ ಮಾಡಿದ್ದರು. ಒಂದರಲ್ಲಿ ಫ್ರಾನ್ಸಿನ ಡುಬೊನೆ ಮಾದರಿಯ ಸಸ್ಪೆನ್ಷನ್, ಇನ್ನೊಂದರಲ್ಲಿ ಗಿಡ್ಡ-ಉದ್ದ ತೋಳುಗಳದ್ದು. ದೊಡ್ಡವರನ್ನೆಲ್ಲ ಕೂರಿಸಿಕೊಂಡು ಮಿಶಿಗನ್ನಿನ ಮನ್ರೋ ಊರಿನ ಕಡೆಗೆ ಹೊರಟೇಬಿಟ್ಟರು. ಕಾರುಗಳೇ ಮಾತಾಡಿದವು. ಮಾರಾಟದ ಮುಖ್ಯಸ್ಥರಿಗೆ ಬೆಲೆಯ ಚಿಂತೆ, ಉತ್ಪಾದನೆ ನೋಡುತ್ತಿದ್ದ ಕ್ನುಡ್ಸೆನ್ ಅವರಿಗೆ ಇಷ್ಟು ಕಾಯಿಲ್ ಸ್ಪ್ರಿಂಗ್‌ಗೆ ಬೇಕಾದ ಸರಳುಗಳನ್ನು ಅರೆದು ನುಣುಪು ಮಾಡುವ ಯಂತ್ರಗಳು ದೇಶದಲ್ಲೇ ಇವೆಯಾ ಅನ್ನೋ ಚಿಂತೆ. ಕೊನೆಗೆ ಸಂಶೋಧನಾ ವಿಭಾಗದ ಚಾರ್ಲ್ಸ್ ಕೆಟರಿಂಗ್, ಇದನ್ನು ಮಾಡದೇ ಇದ್ದರೆ ಆಗುವ ನಷ್ಟವೇ ದೊಡ್ಡದು ಅನ್ನುವ ಅರ್ಥದಲ್ಲಿ ವಾದಿಸಿ ತಕ್ಕಡಿ ವಾಲಿಸಿದರು.

1934ರ ಮಾಡೆಲ್‌ಗಳಲ್ಲಿ ಹೊಸ ಮುಂಭಾಗ ಬಂತು. ಕ್ಯಾಡಿಲಾಕ್, ಬ್ಯೂಕ್, ಓಲ್ಡ್ಸ್‌ಮೊಬೀಲ್‌ಗೆ ತೋಳಿನ ಮಾದರಿ. ಶೆವ್ರೊಲೆ, ಪಾಂಟಿಯಾಕ್‌ಗೆ ಡುಬೊನೆ ಮಾದರಿ. ನೀ-ಆ್ಯಕ್ಷನ್ ಅನ್ನೋದು ಜಾಹೀರಾತಿನ ಹೆಸರು. ಡುಬೊನೆಯ ಎಣ್ಣೆ ತುಂಬಿದ ಡಬ್ಬಿಗಳು ಸೋರುವ ತೊಂದರೆ ಕೊಟ್ಟವು. ಕೆಲವೇ ವರ್ಷಗಳಲ್ಲಿ ಶೆವ್ರೊಲೆಯೂ ತೋಳುಗಳಿಗೇ ಬಂತು. ಹೆನ್ರಿ ಫೋರ್ಡ್ ಮಾತ್ರ ಜಗ್ಗಲಿಲ್ಲ. ಫೋರ್ಡ್ ಕಾರುಗಳು 1948ರ ಮಾಡೆಲ್‌ವರೆಗೂ ಗಟ್ಟಿ ಆಕ್ಸಲ್ ಮೇಲೇ ಓಡಿದವು.

ಬಿಟ್ಟುಬಂದ ಆಕ್ಸಲ್ ಜೀಪಿನಲ್ಲಿ ಉಳಿಯಿತು

ಕಾರುಗಳು ಬಿಟ್ಟ ಈ ಗಟ್ಟಿ ಆಕ್ಸಲ್ 1940-41ರಲ್ಲಿ ಹುಟ್ಟಿದ ಯುದ್ಧದ ಜೀಪಿನ ಅಡಿಯಲ್ಲಿ ಹೋಗಿ ಕೂತಿತು. ಅದಕ್ಕೆ ಒಳ್ಳೆಯ ಕಾರಣಗಳೂ ಇದ್ದವು. ಕಟ್ಟೋದು ಸುಲಭ, ರಿಪೇರಿ ಸುಲಭ, ಪೆಟ್ಟು ತಡೆಯುತ್ತೆ. ಒಂದು ಚಕ್ರ ಬಂಡೆ ಹತ್ತಿದರೆ ಇನ್ನೊಂದು ತಾನಾಗಿ ನೆಲಕ್ಕೆ ಒತ್ತುತ್ತೆ. ಆಕ್ಸಲ್ ಅಡಿಯ ಎತ್ತರ ಸ್ಪ್ರಿಂಗ್ ತಗ್ಗಿದರೂ ಕಡಿಮೆಯಾಗಲ್ಲ. ಯುದ್ಧ ಮುಗಿದ ಮೇಲೆ 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಶುರು ಮಾಡಿತು. ಆ ಸಂತತಿಯೇ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ಇವತ್ತಿಗೂ ಏದುಸಿರು ಬಿಡ್ತಾ ಹತ್ತುತ್ತಿರುವುದು. ಜಿಪ್ಸಿಯ ಮುಂದೆಯೂ ಗಟ್ಟಿ ಆಕ್ಸಲ್ಲೇ, ಕಾಯಿಲ್ ಸ್ಪ್ರಿಂಗಿನ ಜಿಮ್ನಿಯ ಮುಂದೆಯೂ ಅದೇ.

ಅಂದರೆ ಆಲಿ 1932ರಲ್ಲಿ ಎದುರಿಸಿದ ಬುಗುರಿ ನಮ್ಮ ಗಾಡಿಗಳಲ್ಲಿ ಇನ್ನೂ ಜೀವಂತ. ಅದನ್ನು ಮಲಗಿಸಿ ಇಟ್ಟಿರುವುದು ಬಿಗಿಯಾದ ಜಾಯಿಂಟುಗಳು ಮತ್ತು ಬುಷ್‌ಗಳು. ಕಾಯಿಲ್ ಸ್ಪ್ರಿಂಗಿನ ಗಾಡಿಯಲ್ಲಿ ಆಕ್ಸಲ್ ಅಡ್ಡಡ್ಡ ಸರಿಯದಂತೆ ಹಿಡಿಯೋದು ಪ್ಯಾನ್‌ಹಾರ್ಡ್ ರಾಡ್. ಅದರ ಒಂದು ತುದಿ ಚಾಸಿಸ್‌ಗೆ, ಇನ್ನೊಂದು ಆಕ್ಸಲ್‌ಗೆ, ಎರಡೂ ತುದಿಯಲ್ಲಿ ರಬ್ಬರ್ ಬುಷ್. ಆ ಬುಷ್ ಸವೆದು ಆಕ್ಸಲ್ 2 ಮಿಲಿಮೀಟರ್ ಪಕ್ಕಕ್ಕೆ ಜಾರಿತು ಅಂದುಕೊಳ್ಳಿ. ಸ್ಟೇರಿಂಗ್ ಬಾಕ್ಸ್ ಚಾಸಿಸ್ ಮೇಲಿದೆ, ಅಲ್ಲಿಂದ ಬಂದ ಡ್ರ್ಯಾಗ್ ಲಿಂಕ್ ಜಾರುವುದಿಲ್ಲ. ಚಕ್ರದ ಸ್ಟೇರಿಂಗ್ ಆರ್ಮ್ 150 ಮಿಲಿಮೀಟರ್ ಉದ್ದ ಇದ್ದರೆ, ನೀವು ಸ್ಟೇರಿಂಗ್ ಮುಟ್ಟದೆಯೇ ಚಕ್ರ ಮುಕ್ಕಾಲು ಡಿಗ್ರಿ ತಿರುಗಿದ ಹಾಗಾಯಿತು. ಆಕ್ಸಲ್ ಅತ್ತಿತ್ತ ಜಾರಿದಷ್ಟೂ ಸಲ ಹೀಗೇ. ಲೀಫ್ ಸ್ಪ್ರಿಂಗಿನ ಜೀಪಿನಲ್ಲಿ ಪ್ಯಾನ್‌ಹಾರ್ಡ್ ಕೆಲಸವನ್ನೂ ಸ್ಪ್ರಿಂಗೇ ಮಾಡುತ್ತೆ. ಅಲ್ಲಿ ಸ್ಪ್ರಿಂಗಿನ ಕಣ್ಣಿನ ಬುಷ್ ಮತ್ತು ಶ್ಯಾಕಲ್ ಬುಷ್ ನೋಡಬೇಕು.

ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಮೊದಲು ಆಗೋದು ವೀಲ್ ಬ್ಯಾಲೆನ್ಸಿಂಗ್. ಅದರಿಂದ ತಳ್ಳು ಕಡಿಮೆಯಾಗಿ ಕೆಲವು ದಿನ ಆರಾಮ ಅನಿಸುತ್ತೆ. ಆಮೇಲೆ ಹೊಸ ಸ್ಟೇರಿಂಗ್ ಡ್ಯಾಂಪರ್. ಅದು ನೋವಿನ ಮಾತ್ರೆ ಇದ್ದ ಹಾಗೆ. ನಡುಕ ಅಡಗುತ್ತೆ, ಬುಷ್ ಒಳಗೊಳಗೇ ಸವೆಯುತ್ತಾ ಹೋಗುತ್ತೆ. ಡ್ಯಾಂಪರ್ ಸೋತ ದಿನ, ಪಕ್ಕದಲ್ಲಿ ಲಾರಿ ಇದ್ದಾಗಲೋ ಘಾಟಿಯ ತಿರುವಿನಲ್ಲೋ ನಡುಕ ವಾಪಸ್ ಬಂದರೆ ಗತಿ ಏನು?

ಆಲಿ ದಾರಿಯಲ್ಲಿ ಹೋಗೋಣ. ತಳ್ಳುವವರು ಯಾರು, ಹಿಡಿಯಬೇಕಾದವರು ಯಾರು ಅಂತ ಬೇರೆ ಬೇರೆ ಮಾಡಿ ನೋಡೋಣ. ಮೊದಲು ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಓಡಿಸಿ. ನಡುಕ ಬೇರೆ ವೇಗಕ್ಕೆ ಹೋಯಿತಾ, ಕಡಿಮೆಯಾಯಿತಾ? ಹಾಗಾದರೆ ಟೈರಿನದೂ ಪಾಲಿದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಗಾಡಿಯನ್ನು ಸಮತಟ್ಟು ನೆಲದಲ್ಲಿ, ನಾಲ್ಕೂ ಚಕ್ರ ನೆಲದ ಮೇಲಿರುವಂತೆಯೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಪವರ್ ಸ್ಟೇರಿಂಗ್ ಇದ್ದರೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಆನ್ ಮಾಡಿ. ಒಬ್ಬರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸಲಿ. ಇನ್ನೊಬ್ಬರು ಮುಂಭಾಗದ ಪಕ್ಕದಲ್ಲಿ ಕೂತು ಒಂದೊಂದೇ ಜಾಯಿಂಟ್ ನೋಡಲಿ: ಪ್ಯಾನ್‌ಹಾರ್ಡ್ ರಾಡಿನ ಎರಡು ತುದಿ, ಡ್ರ್ಯಾಗ್ ಲಿಂಕ್, ಟೈ ರಾಡ್ ಎಂಡ್, ಸ್ಟೇರಿಂಗ್ ಬಾಕ್ಸಿನ ಬೋಲ್ಟುಗಳು. ರಾಡು ಅಲುಗಿ, ಅದನ್ನು ಹಿಡಿದ ಬ್ರ್ಯಾಕೆಟ್ ಅಲುಗದೆ ನಿಂತರೆ ನಡುವಿನ ಬುಷ್ ಹೋಗಿದೆ ಅಂತ ಅರ್ಥ. ಬೋಲ್ಟಿನ ತೂತೇ ಮೊಟ್ಟೆ ಆಕಾರಕ್ಕೆ ಬಂದಿದ್ದರೆ ಹೊಸ ಬುಷ್ ಹಾಕಿಯೂ ಪ್ರಯೋಜನ ಇಲ್ಲ, ಮೊದಲು ಆ ತೂತು ಸರಿಯಾಗಬೇಕು.

ಆಮೇಲೆ ಜ್ಯಾಕ್ ಕೊಟ್ಟು, ಆಕ್ಸಲ್ ಅಡಿಗೆ ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ. ಪ್ಲೇ ಇದ್ದರೆ ವೀಲ್ ಬೇರಿಂಗ್ ಅಥವಾ ಕಿಂಗ್‌ಪಿನ್ ಬೇರಿಂಗ್ ಮೇಲೆ ಅನುಮಾನ. 9 ಮತ್ತು 3ರಲ್ಲಿ ಮಾತ್ರ ಪ್ಲೇ ಇದ್ದರೆ ಟೈ ರಾಡ್ ಎಂಡ್ ನೋಡಿ. ಆಕ್ಸಲನ್ನು ಮುಂದೆ ಹಿಂದೆ ಹಿಡಿಯುವ ರೇಡಿಯಸ್ ಆರ್ಮ್ ಬುಷ್‌ಗಳನ್ನು ಹಾರೆಯಿಂದ ಮೆಲ್ಲಗೆ ಮೀಟಿ ನೋಡಿ. ಅವು ಸಡಿಲವಾದರೆ ಕ್ಯಾಸ್ಟರ್ ಕೋನ ನಿಂತ ಕಡೆ ನಿಲ್ಲಲ್ಲ.

ಹೊಸ ಬುಷ್ ಹಾಕುವಾಗ ಒಂದು ವಿಷಯ ಗಮನದಲ್ಲಿರಲಿ. ರಬ್ಬರಿಗೂ ಒಳಗಿನ ಉಕ್ಕಿನ ಕೊಳವೆಗೂ ಅಂಟಿಸಿರುವ ಬುಷ್ ಆದರೆ, ಅದು ಜಾರಿ ತಿರುಗುವುದಿಲ್ಲ, ರಬ್ಬರ್ ತಿರುಚಿಕೊಂಡು ಕೆಲಸ ಮಾಡುತ್ತೆ. ಗಾಡಿ ಜ್ಯಾಕ್ ಮೇಲೆ ತೂಗ್ತಾ ಇರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಗಾಡಿಯ ತೂಕ ಚಕ್ರದ ಮೇಲೆ ಬಂದ ಮೇಲೇ ಕೊನೆಯ ಬಿಗಿ, ಅದೂ ಟಾರ್ಕ್ ವ್ರೆಂಚ್‌ನಲ್ಲಿ.

ಕೊನೆಯ ವರ್ಷಗಳು

ಆಲಿ ಮುಂದೆ ಇಂಗ್ಲೆಂಡಿಗೆ ಮರಳಿ ಜನರಲ್ ಮೋಟಾರ್ಸ್ ಒಡೆತನದ ವಾಕ್ಸ್‌ಹಾಲ್ ಕಂಪನಿಯಲ್ಲಿ ಕೆಲಸ ಮಾಡಿದರು. 1950ರ ದಶಕದ ಆರಂಭಕ್ಕೆ ಮತ್ತೆ ಡೆಟ್ರಾಯಿಟ್‌ನಲ್ಲಿ, ಶೆವ್ರೊಲೆಯ ಸಂಶೋಧನಾ ವಿಭಾಗದಲ್ಲಿದ್ದರು. 1952ರಲ್ಲಿ ಒಂದು ಸ್ಪೋರ್ಟ್ಸ್ ಕಾರಿಗೆ ತುರ್ತಾಗಿ ಚಾಸಿಸ್ ಬೇಕಾಯಿತು, ಆ ವರ್ಷ ಅವರು ಎಳೆದ ರೇಖೆಗಳ ಮೇಲೆ 1953ರ ಮೊದಲ ಕಾರ್ವೆಟ್ ನಿಂತಿತು. ಇದ್ದ ಭಾಗಗಳನ್ನೇ ಆದಷ್ಟು ಬಳಸಿ, ಕಡಿಮೆ ಸಮಯದಲ್ಲಿ ಮುಗಿಸಿದ ಕೆಲಸ ಅದು. ಸ್ಲೋನ್ 1960ರ ದಶಕದಲ್ಲಿ ತಮ್ಮ ಪುಸ್ತಕ ಹೊರತಂದಾಗ, ನೀ-ಆ್ಯಕ್ಷನ್ ಕತೆ ಹೇಳಲು ಆಲಿ ಬರೆದ ಪತ್ರಕ್ಕೇ ಪುಟಗಳನ್ನು ಬಿಟ್ಟುಕೊಟ್ಟರು. ಅಷ್ಟು ದೊಡ್ಡ ಕಂಪನಿಯ ಮುಖ್ಯಸ್ಥ ಒಬ್ಬ ಎಂಜಿನಿಯರಿಗೆ ಕೊಟ್ಟ ಗೌರವ ಅದು.

ತಾವು ಕಲಿತದ್ದನ್ನು ಆಲಿ ತಾಂತ್ರಿಕ ಟಿಪ್ಪಣಿಗಳಾಗಿ ಬರೆದಿಟ್ಟಿದ್ದರು. ಅವು ಪುಸ್ತಕದ ರೂಪ ಕಂಡಿದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 2002ರಲ್ಲಿ. ವಿಲಿಯಂ ಮತ್ತು ಡಗ್ಲಸ್ ಮಿಲಿಕನ್ ಅವನ್ನು ಜೋಡಿಸಿ ಚಾಸಿಸ್ ಡಿಸೈನ್ ಅನ್ನೋ ಹೆಸರಿನಲ್ಲಿ ತಂದರು, ಎಸ್‌ಎಇ ಪ್ರಕಟಿಸಿತು. ಬಾಹಾ ಟೀಮಿನವರು ಲೈಬ್ರರಿಯಲ್ಲಿ ಕೇಳಿ ನೋಡಿ.

ನಮಗೆ ಆಲಿ ಬದುಕಿನಲ್ಲಿ ಹಿಡಿಸಿದ್ದು ಇದು. ಅವರು ನಡುಕವನ್ನು ಸದ್ದಡಗಿಸಬೇಕಾದ ಪೀಡೆ ಅಂದುಕೊಳ್ಳಲಿಲ್ಲ. ಯಾವುದು ಯಾವುದಕ್ಕೆ ತಗುಲಿಕೊಂಡಿದೆ ಅಂತ ಅದು ತೋರಿಸಿಕೊಡ್ತಿದೆ ಅಂದುಕೊಂಡರು. ಮುಂದಿನ ಸಲ ನಿಮ್ಮ ಜೀಪಿನ ಸ್ಟೇರಿಂಗ್ ಕುಣಿದರೆ, ಡ್ಯಾಂಪರ್ ಆರ್ಡರ್ ಮಾಡುವ ಮೊದಲು ಒಬ್ಬ ಗೆಳೆಯನನ್ನು ಸ್ಟೇರಿಂಗ್ ಹತ್ತಿರ ಕೂರಿಸಿ, ನೀವು ಟಾರ್ಚ್ ಹಿಡಿದು ಪ್ಯಾನ್‌ಹಾರ್ಡ್ ರಾಡಿನ ತುದಿಗಳನ್ನು ನೋಡಿ. ಹತ್ತು ನಿಮಿಷದ ಕೆಲಸ. ಬುಷ್ ಬದಲಾಯಿಸಿದ ಮೇಲೂ ನಡುಕ ಉಳಿದರೆ ಬೇಜಾರಾಗಬೇಡಿ, ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾಯಿತು, ಮುಂದಿನ ಜಾಯಿಂಟಿಗೆ ಹೋಗಿ.